ಬಟನ್ ಒತ್ತದೆ ಆಡಿದ ಮಾತು

ಮೊದಲೇ ಹೇಳಿಬಿಡುತ್ತೇನೆ, ಇಂಥ ಅನುಭವಗಳನ್ನು ಹೇಳಿಕೊಳ್ಳುವವರು ಸಿಕ್ಕರೆ ನನಗೆ ಹಬ್ಬ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹತ್ತಿರ ಹೂವಿನಂಗಡಿ ಇಟ್ಟಿರುವ ನನ್ನ ಸೋದರಮಾವ ಒಮ್ಮೆ, ಹುಣಸೆ ತೋಪಿನಲ್ಲಿ ಯಾರೋ ಬಿಳಿ ಸೀರೆಯವಳು ತನ್ನ ಹೆಸರು ಹಿಡಿದು ಕರೆದಳೆಂದು ಮೈಯೆಲ್ಲ ಬೆವರಿಕೊಂಡು ಹೇಳಿದ. ನಾನು ಗಂಭೀರವಾಗಿ ಕೇಳಿಸಿಕೊಂಡೆ. ಮಾರನೆಯ ದಿನ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಆ ಬಿಳಿ ಸೀರೆಯವಳ ದನಿಯಲ್ಲಿ ಮಾವನ ಹೆಸರು ಹಿಡಿದು ಕರೆದು, "ಇನ್ನೊಂದು ಮುದ್ದೆ ಹಾಕಿಸ್ರೀ" ಎಂದೆ. ಮಾವ ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಇದನ್ನು ಓದಿದಾಗ ಮಾವನಿಗೆ ಆಗುವ ಸಂತೋಷವನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಮಿಮಿಕ್ರಿ ಮಾಡುವವನು. ಗಣೇಶನ ಪೆಂಡಾಲು, ಮದುವೆ ಮನೆಯ ಆರ್ಕೆಸ್ಟ್ರಾ, ಕಾಲೇಜಿನ ವಾರ್ಷಿಕೋತ್ಸವ, ಎಲ್ಲಿ ಮೈಕು ಕೊಟ್ಟರೂ ಹತ್ತುತ್ತೇನೆ. ಕೊಡದಿದ್ದರೂ ಹತ್ತುತ್ತೇನೆ. ಬಸ್ ಕಂಡಕ್ಟರು, ತಹಸೀಲ್ದಾರರು, ಟೊಮ್ಯಾಟೊ ಮಂಡಿಯ ಹರಾಜು ಕೂಗುವವನು, ಯಾರನ್ನು ಐದು ನಿಮಿಷ ಕೇಳಿದರೂ ಅವರ ಗಂಟಲು ನನ್ನ ಗಂಟಲಲ್ಲಿ ಕೂತುಬಿಡುತ್ತದೆ. ನನ್ನ ಸ್ವಂತ ದನಿ ಮಾತ್ರ ಪಂಕ್ಚರಾದ ಸೈಕಲ್ ಟ್ಯೂಬಿನದು. ಅದನ್ನು ಕೇಳಿ ಯಾರೂ ಯಾವತ್ತೂ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಹೊಟ್ಟೆಪಾಡಿಗೆ ಕೋಲಾರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್ ಆಗಿದ್ದೇನೆ. ಶ್ರೀನಿವಾಸಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ.

ನಮ್ಮ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಕೋಣೆ, ನಡುವೆ ದಪ್ಪ ಗಾಜು. ಒಳಗಿನ ಕೋಣೆಯಲ್ಲಿ ಸುರಂಗದಂಥ ಮೆಷಿನ್ನು, ಅದರೊಳಗೆ ಪೇಷಂಟು. ಹೊರಗಿನ ಕೋಣೆಯಲ್ಲಿ ಕಂಪ್ಯೂಟರು, ಅದರ ಮುಂದೆ ನಾನು. ನನ್ನ ಮೇಜಿನ ಮೇಲೊಂದು ಮೈಕು. ಅದರ ಬಟನ್ ಒತ್ತಿ ಹಿಡಿದರೆ ಹಸಿರು ದೀಪ ಹತ್ತುತ್ತದೆ, ನಾನು ಆಡಿದ್ದು ಪೇಷಂಟಿನ ಕಿವಿಗೆ ಹಾಕಿರುವ ಹೆಡ್‌ಫೋನಿನಲ್ಲಿ ಕೇಳುತ್ತದೆ. ಬೆರಳು ತೆಗೆದರೆ ದೀಪ ಆರುತ್ತದೆ, ಮಾತೂ ಅಲ್ಲಿಗೆ ನಿಲ್ಲುತ್ತದೆ. ಪೇಷಂಟಿನ ದನಿ ಮಾತ್ರ ಸ್ಪೀಕರಿನಲ್ಲಿ ಯಾವಾಗಲೂ ನಮಗೆ ಕೇಳುತ್ತಿರುತ್ತದೆ.

ಮೆದುಳಿನ ಕೆಲವು ತೊಂದರೆಗಳು ಸುಮ್ಮನೆ ಫೋಟೋ ತೆಗೆದರೆ ಕಾಣುವುದಿಲ್ಲ. ಅದಕ್ಕೆ ಕಾಂಟ್ರಾಸ್ಟ್ ಎಂಬ ಔಷಧಿ ಕೊಡುತ್ತೇವೆ. ನೋಡುವುದಕ್ಕೆ ನೀರಿನಂತೆಯೇ ಇರುತ್ತದೆ. ಕೈಯ ನರಕ್ಕೆ ಚುಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಎದೆ ದಾಟಿ ಕುತ್ತಿಗೆ ಹತ್ತಿ ತಲೆ ಸೇರುತ್ತದೆ. ಮೆದುಳು ಚೆನ್ನಾಗಿರುವ ಕಡೆ ಅದು ರಕ್ತನಾಳಗಳೊಳಗೇ ಹರಿದು ಹೋಗುತ್ತದೆ, ಆಚೆ ಕಾಲಿಡುವುದಿಲ್ಲ. ಬೇಡದ್ದು ಏನಾದರೂ ಬೆಳೆದಿದ್ದರೆ ಅಲ್ಲಿ ನುಗ್ಗಿ ನಿಂತುಬಿಡುತ್ತದೆ, ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಔಷಧಿ ಎಲ್ಲಿ ಹೋಯಿತು, ಎಲ್ಲಿ ನಿಂತಿತು, ನಾವು ಹುಡುಕುವುದು ಇಷ್ಟನ್ನೇ. ಆದರೆ ಅಷ್ಟು ಹೊತ್ತೂ ಪೇಷಂಟು ಕಲ್ಲಿನ ಹಾಗೆ ಮಲಗಿರಬೇಕು. ಒಂದು ಸಲ ತಲೆ ಆಡಿಸಿದರೂ ಚಿತ್ರ ಕಲಸಿ ಹೋಗುತ್ತದೆ.

ಮಲಗುತ್ತಾರೆಯೇ? ಒಳಗೆ ಟಕಟಕ ಧಡಧಡ ಎಂದು ಬೋರ್‌ವೆಲ್ ಲಾರಿಯ ಸದ್ದು, ಮೂಗಿನ ಮೇಲೇ ಗೋಡೆ. ಅರ್ಧ ಜನಕ್ಕೆ ಹೆಣದ ಪೆಟ್ಟಿಗೆ ನೆನಪಾಗುತ್ತದೆ. ಮೈಕಿನಲ್ಲಿ ನನ್ನ ಪಂಕ್ಚರ್ ದನಿ "ಅಲ್ಲಾಡಬೇಡಿ" ಎಂದರೆ ಇನ್ನೂ ಜಾಸ್ತಿ ಅಲ್ಲಾಡುತ್ತಾರೆ. ಮಾಲೂರಿನ ಕಡೆಯ ಒಬ್ಬ ಅಜ್ಜ ಹೀಗೇ ಒದ್ದಾಡುತ್ತಿದ್ದಾಗ ನನಗೆ ಒಂದು ಉಪಾಯ ಹೊಳೆಯಿತು. ಹೊರಗೆ ಕೂತಿದ್ದ ಅವರ ಸೊಸೆಯ ಗದರುವ ದನಿಯಲ್ಲಿ "ಮಾವಾ, ಸುಮ್ನೆ ಬಿದ್ಕೊಂತೀರೋ ಇಲ್ವೋ" ಎಂದೆ. ಅಜ್ಜ ಆಮೇಲೆ ಉಸಿರಾಡಿದರೋ ಇಲ್ಲವೋ ಎಂದು ನನಗೇ ಅನುಮಾನ ಬರುವಷ್ಟು ನೆಟ್ಟಗೆ ಮಲಗಿದರು. ಅವತ್ತಿನಿಂದ ಅದೇ ನನ್ನ ಪದ್ಧತಿಯಾಯಿತು. ಪೇಷಂಟಿನ ಜೊತೆ ಬಂದವರನ್ನು ಐದು ನಿಮಿಷ ಮಾತಿಗೆ ಎಳೆದು ದನಿ ಹಿಡಿಯುವುದು, ಆಮೇಲೆ ಆ ದನಿಯಲ್ಲಿ ಪೇಷಂಟನ್ನು ಸಮಾಧಾನ ಮಾಡುವುದು. ಇಂಜೆಕ್ಷನ್ ಕೊಡುವ ಸುಶೀಲಾ ಸಿಸ್ಟರ್ ಮೊದಮೊದಲು ಬೈದರು, ಆಮೇಲೆ ಅಭ್ಯಾಸವಾಯಿತು. ಕೆಲಸ ಬೇಗ ಮುಗಿಯುತ್ತಿತ್ತಲ್ಲ. ತಪ್ಪು ಮಾಡುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ. ಇನ್ನೊಬ್ಬರ ದನಿಯನ್ನು ಅವರಿಗೆ ಹೇಳದೆ ತೆಗೆದುಕೊಂಡರೆ ಅವರದ್ದೇನು ಕಡಿಮೆಯಾಗುತ್ತದೆ?

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲದಲ್ಲಿ, ಬೈರಕೂರಿನ ಆಚೆಯ ಒಂದು ಹಳ್ಳಿಯಿಂದ ಮುನಿರತ್ನಮ್ಮ ಎಂಬುವವರು ಬಂದರು. ಐವತ್ತು ದಾಟಿದ ವಯಸ್ಸು, ಬಿಸಿಲಿಗೆ ಕಂದಿದ ಗಟ್ಟಿ ಮೈ. ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದಾಗ ಫಿಟ್ಸ್ ಬಂದು ಬಿದ್ದಿದ್ದರಂತೆ. ಮೊದಲು ತೆಗೆಸಿದ ಸ್ಕ್ಯಾನಿನಲ್ಲಿ ತಲೆಯ ಎಡಗಡೆ ಒಂದು ಗಂಟು ಕಂಡಿತ್ತು. ಅದು ಯಾವುದೋ ಕಾಲದಲ್ಲಿ ತಲೆ ಸೇರಿ ಸತ್ತ ಹುಳುವಿನ ಒಣಗಿದ ಗುರುತೋ ಅಥವಾ ಬೆಳೆಯುತ್ತಿರುವ ಗೆಡ್ಡೆಯೋ ಎಂದು ತಿಳಿಯಲು ಕಾಂಟ್ರಾಸ್ಟ್ ಕೊಟ್ಟು ನೋಡಬೇಕಿತ್ತು. ಬೇರೊಂದು ಕಡೆ ಎರಡು ಸಲ ಪ್ರಯತ್ನಪಟ್ಟು, ಎರಡು ಸಲವೂ ಅರ್ಧದಲ್ಲಿ ಕಿರುಚಿ ಎದ್ದು ಬಂದಿದ್ದರು.

ಸುಶೀಲಾ ಸಿಸ್ಟರ್ ತಾಳಿ, ಕಾಲುಂಗುರ ಬಿಚ್ಚಿಸಿ, ಬರಿ ಕತ್ತು ಬೇಡವೆಂದು ಹಳದಿ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿದರು. ಆ ಮೆಷಿನ್ನಿನ ಹತ್ತಿರ ಲೋಹ ಕೂಡದು. ಕೊಂಬುಗಳನ್ನು ಸಿಸ್ಟರ್ ಡ್ರಾಯರಿನಲ್ಲಿ ಇಟ್ಟುಕೊಂಡೇ ಇರುತ್ತಾರೆ. ಮುನಿರತ್ನಮ್ಮ ಅದನ್ನು ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದರು.

"ನೋಡಪ್ಪಾ, ಇದೇ ಕಡೇ ಸಲ. ಇವತ್ತೂ ಆಗ್ಲಿಲ್ಲಾಂದ್ರೆ ನಾನು ಮನೆಗೆ ಹೋಗ್ತೀನಿ. ಆಮೇಲೆ ಸತ್ರೂ ಸರಿ, ಇದರೊಳಕ್ಕೆ ಬರಲ್ಲ."

ಅದು ಬರಿಯ ಮಾತಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಅವರ ಜೊತೆ ಬಂದಿದ್ದ ತಮ್ಮ ನಾರಾಯಣಸ್ವಾಮಿಗೂ ಗೊತ್ತಿತ್ತು. "ಏಮೀ ಕಾದಕ್ಕಾ, ಏಮೀ ಕಾದು" ಎಂದು ಅವರ ಬೆನ್ನು ಸವರಿದ. ಏನೂ ಆಗಲ್ಲ ಎಂದು ನಮ್ಮ ಕಡೆಯ ತೆಲುಗಿನಲ್ಲಿ. ಒಳ್ಳೆಯ ದನಿ ಅವನದು. ಕೆಳಗೆ ಶುರುವಾಗಿ ಮೆಲ್ಲಗೆ ಮೇಲೆ ಹತ್ತಿ, ಕೊನೆಗೆ ಬೀಡಿಯ ಗಂಟಲಿನಿಂದ ಸಣ್ಣ ಕೆಮ್ಮೊಂದು ಬರುತ್ತಿತ್ತು. ಆ ಕೆಮ್ಮನ್ನೂ ಸೇರಿಸಿ ನಾನು ಅವನನ್ನು ಐದು ನಿಮಿಷದಲ್ಲಿ ಪೂರ್ತಿ ನುಂಗಿಕೊಂಡೆ. ಆಮೇಲೆ ಅವನು ಅಕ್ಕನಿಗೆ ಎಳನೀರು ತರುತ್ತೇನೆಂದು ಹೊರಗೆ ಹೋದ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಚಿತ್ರಗಳ ಒಂದೊಂದು ಸರಣಿ ಮುಗಿದಾಗಲೂ ಬಟನ್ ಒತ್ತಿ, ತಮ್ಮನ ದನಿಯಲ್ಲಿ ಎರಡೆರಡು ಮಾತು ಆಡುತ್ತಿದ್ದೆ. ಮುನಿರತ್ನಮ್ಮ ಕೊಂಚವೂ ಕದಲಲಿಲ್ಲ. ಕಾಂಟ್ರಾಸ್ಟ್ ಕೊಡುವ ಹೊತ್ತು ಬಂತು. "ಅಕ್ಕಾ, ಈಗ ಕೈಗೆ ತಣ್ಣಗೆ ಹತ್ತುತ್ತೆ. ಹೆದರ್ಕೋಬೇಡ. ಏಮೀ ಕಾದು" ಎಂದೆ, ಕೆಮ್ಮನ್ನೂ ಹಾಕಿದೆ, ಬೆರಳು ತೆಗೆದೆ. ಹಸಿರು ದೀಪ ಆರಿತು. ಸಿಸ್ಟರ್ ಹೊರಗಿನಿಂದಲೇ ಔಷಧಿ ತಳ್ಳುವ ಇಂಜೆಕ್ಟರ್ ಚಾಲೂ ಮಾಡಿದರು. ಮೆಷಿನ್ನು ಬಡಿಯತೊಡಗಿತು. ಇನ್ನು ನನಗೆ ಕೆಲಸವಿರಲಿಲ್ಲ. ಜೇಬಿನಿಂದ ಕಡಲೆಕಾಯಿ ತೆಗೆದು ಎರಡೂ ಕೈಯಲ್ಲಿ ಸುಲಿಯುತ್ತ ಕೂತೆ.

ಒಂದು ಸರಣಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ಹೊತ್ತು ಸದ್ದು ನಿಲ್ಲುತ್ತದೆ. ಆಗ ಸ್ಪೀಕರಿನಲ್ಲಿ ಕೇಳಿಸಿತು.

"ಊಂ."

ಸ್ವಲ್ಪ ಬಿಟ್ಟು, ಮತ್ತೆ, "ಊಂ."

ನರಳುತ್ತಿದ್ದಾರೆಂದು ಮೊದಲು ಅಂದುಕೊಂಡೆ. ನರಳಿಕೆ ಅಲ್ಲ. ಯಾರೋ ಕಥೆ ಹೇಳುತ್ತಿದ್ದರೆ ಕೇಳುವವರು ಊಂಗುಟ್ಟುತ್ತಾರಲ್ಲ, ಹಾಗೆ. ನಡುವೆ ಬಿಡುವು ಕೂಡ ಅಷ್ಟೇ ಉದ್ದ, ಒಂದು ವಾಕ್ಯ ಹಿಡಿಯುವಷ್ಟು. ನಾನು ಬಟನ್ ಒತ್ತಿ, ನನ್ನ ಸ್ವಂತ ದನಿಯಲ್ಲೇ, "ಅಮ್ಮಾ, ಏನಾದ್ರೂ ತೊಂದ್ರೆ ಆಗ್ತಾ ಇದೆಯಾ?" ಎಂದೆ.

"ಶ್, ನೀನು ಸುಮ್ನಿರಪ್ಪ," ಎಂದರು ಮುನಿರತ್ನಮ್ಮ. "ಅವನು ಹೇಳ್ತಾ ಅವ್ನಲ್ಲ."

ಸಿಸ್ಟರ್ ಕಡೆ ನೋಡಿದೆ. ಅವರು ಇಂಜೆಕ್ಟರಿನಿಂದ ತಲೆಯನ್ನೇ ಎತ್ತದೆ, "ಲೇ, ಸಾಕು ಬಿಡೋ ನಿನ್ನ ಆಟ" ಎಂದರು. ಮತ್ತೆ ಮೆಷಿನ್ನು ಬಡಿಯತೊಡಗಿತು. ಕೊನೆಯ ಸರಣಿ, ಸುಮಾರು ಐದು ನಿಮಿಷದ್ದು. ನಾನು ಕಡಲೆಕಾಯಿ ಸುಲಿಯಲಿಲ್ಲ. ಆರಿದ ಹಸಿರು ದೀಪವನ್ನೇ ನೋಡುತ್ತ ಕೂತೆ. ಹೊರಗೆ ಮಟಮಟ ಮಧ್ಯಾಹ್ನ. ಬಾಗಿಲ ಸಂದಿಯಲ್ಲಿ ರಿಸೆಪ್ಷನ್ನಿನ ಟಿವಿ ಕೇಳುತ್ತಿತ್ತು.

ಎಬ್ಬಿಸಿ ಕೂರಿಸಿದಾಗ ಮುನಿರತ್ನಮ್ಮನ ಮುಖ ಶಾಂತವಾಗಿತ್ತು. ಸಿಸ್ಟರ್ ಸೂಜಿ ತೆಗೆಯುತ್ತಿದ್ದಂತೆ, ಹೊಲದ ಸುದ್ದಿ ಹೇಳುವ ಹಾಗೆ ಹೇಳತೊಡಗಿದರು.

"ಚೆನ್ನಾಗಿ ದಾರಿ ಹೇಳ್ದ ನನ್ನ ತಮ್ಮ. ಈಗ ಕತ್ತು ಹತ್ತಿತು ಅಂದ. ಈಗ ಕಿವಿ ಹಿಂದೆ ಬಂತು ಅಂದ. ಆ ಹಳೇ ಗಂಟೈತಲ್ಲ, ಅದರ ಸುತ್ತ ಹೋಯ್ತು, ಒಳಕ್ಕೆ ಹೋಗ್ಲಿಲ್ಲ, ಅದು ಸತ್ತ ಗಂಟು ಅಂದ. ಆಮೇಲೆ..." ಎಂದು ಬಲಗೈಯನ್ನು ಬಲಗಿವಿಯ ಹಿಂದಕ್ಕೆ ಒಯ್ದು, ಅಲ್ಲಿ ಒಂದು ಬೆರಳಿಟ್ಟರು. "ಇಲ್ಲಿ ಇನ್ನೊಂದೈತೆ, ಅವರೆಕಾಳಷ್ಟು. ಯಾರಿಗೂ ಗೊತ್ತಿಲ್ಲ. ಅದು ಕುಡೀತಾ ಐತೆ ಅಂದ."

ನಾರಾಯಣಸ್ವಾಮಿ ಎರಡು ಎಳನೀರು ಹಿಡಿದು ಬಂದ. ಅಕ್ಕ ಹೊಗಳಿದ್ದನ್ನು ಕೇಳಿ ಅವನಿಗೆ ತಲೆಬುಡ ತಿಳಿಯಲಿಲ್ಲ. "ನಾನಾ? ನಾನೆಲ್ಲಕ್ಕಾ ಇದ್ದೆ, ಎಳನೀರಿಗೆ ಹೋಗಿದ್ನಲ್ಲ" ಎಂದ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಮೊದಲು ಸಮಾಧಾನ ಮಾಡಿದ್ದು ನಾನೇ, ನಿಮ್ಮ ತಮ್ಮನ ದನಿಯಲ್ಲಿ, ಎಂದು ಒಪ್ಪಿಕೊಂಡೆ. ಆದರೆ ದಾರಿ ಹೇಳಿದ್ದು ನಾನಲ್ಲ ಎಂದೆ. ಅರ್ಧ ಆಡಿದ್ದು ನಾನು, ಇನ್ನರ್ಧ ನಾನಲ್ಲ ಎಂದರೆ ನಂಬುವುದು ಯಾರಿಗೂ ಕಷ್ಟವೇ. ಮುನಿರತ್ನಮ್ಮ "ಎಲ್ಲಿ, ಇನ್ನೊಂದ್ಸಲ ಆಡು" ಎಂದರು. ಆಡಿದೆ. ನಾರಾಯಣಸ್ವಾಮಿ ಕೈಯಲ್ಲಿದ್ದ ಎಳನೀರನ್ನು ಬೀಳಿಸುವಷ್ಟು ಬೆಚ್ಚಿದ. ಆದರೆ ಅವನ ಅಕ್ಕ ತಲೆ ಓರೆ ಮಾಡಿ ಕೇಳಿ, ಇಲ್ಲವೆಂದು ಕೈ ಅಲ್ಲಾಡಿಸಿದರು.

"ಮೊದಲು ಆಡಿದ್ದು ಇದೇ. ಆಮೇಲೆ ಆಡಿದ್ದು ಇದಲ್ಲ. ಇದು ನಕಲು."

ಸ್ಟೇಜಿನ ಮೇಲೆ ನನ್ನತ್ತ ಬಾಳೆಹಣ್ಣಿನ ಸಿಪ್ಪೆ ಎಸೆದವರಿದ್ದಾರೆ. ಆದರೂ ಈ ಮಾತು ಚುಚ್ಚಿದಂತೆ ಯಾವುದೂ ಚುಚ್ಚಿರಲಿಲ್ಲ.

ಅವರು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಕೊನೆಯ ಸರಣಿಯ ಚಿತ್ರಗಳನ್ನು ಒಂದೊಂದಾಗಿ ಸರಿಸಿದೆ. ಎಡಗಡೆಯ ಗಂಟು ಕಪ್ಪಗೇ ಇತ್ತು, ಔಷಧಿ ಅದರೊಳಕ್ಕೆ ಹೋಗಿರಲಿಲ್ಲ. ಒಣಗಿದ ಗುರುತು. ಇನ್ನೂ ಕೆಳಕ್ಕೆ ಸರಿಸಿದೆ. ಬಲಗಡೆ, ಹಿಂದೆ, ತಲೆಬುರುಡೆಗೆ ಅಂಟಿಕೊಂಡ ಹಾಗೆ, ಬೆಳ್ಳಗೆ, ಉರುಟಾಗಿ ಒಂದು ಕಾಳು. ಔಷಧಿ ಕೊಡುವ ಮೊದಲಿನ ಚಿತ್ರಗಳನ್ನು ತೆರೆದು ಅದೇ ಜಾಗ ನೋಡಿದೆ. ಅಲ್ಲಿ ಏನೂ ಕಾಣಿಸಲಿಲ್ಲ. ಮತ್ತೆ ಕೊನೆಯ ಚಿತ್ರ ತೆರೆದೆ. ಇತ್ತು. ಕಂಪ್ಯೂಟರ್ ಆರಿಸಿ ಬಸ್ ಹತ್ತಿದೆ.

ಮಾರನೆಯ ಬೆಳಿಗ್ಗೆ ಡಾಕ್ಟರ್ ಮೇಡಂ ಕರೆಸಿದರು. ಚಿತ್ರ ನೋಡಿ ರಿಪೋರ್ಟ್ ಬರೆಯುವುದು ಅವರ ಕೆಲಸ. ಮೂಗಿನಿಂದ ಮಾತನಾಡುತ್ತಾರೆ. ನಾನು ಅವರನ್ನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ, ಒಮ್ಮೆ ಫೋನಿನಲ್ಲಿ ಅವರ ದನಿಯಲ್ಲೇ ಸಿಸ್ಟರಿಗೆ ಅರ್ಧ ದಿನ ರಜೆ ಕೊಟ್ಟಿದ್ದೆ.

"ಪೇಷಂಟಿಗೆ ಯಾರು ಹೇಳಿದ್ದು?" ಎಂದರು. "ರಿಪೋರ್ಟಿಗೆ ನಾನಿನ್ನೂ ಸೈನ್ ಮಾಡಿಲ್ಲ. ಅವರ ತಮ್ಮ ಫೋನ್ ಮಾಡಿ, ಹಿಂದಿರೋ ಅವರೆಕಾಳನ್ನ ಯಾವ ಡಾಕ್ಟ್ರಿಗೆ ತೋರಿಸ್ಬೇಕು ಅಂತ ಕೇಳ್ತಾನೆ. ಅವನು ಹೇಳಿದ ಮೇಲೆ ನಾನು ಹುಡುಕಿ ನೋಡಿದ್ದು, ಗೊತ್ತಾ?"

"ನಾನಲ್ಲ ಮೇಡಂ."

"ಹಾಗಾದ್ರೆ ನಿನ್ನ ಯಾವ ದನಿ?"

ಸಿಸ್ಟರನ್ನು ಸಾಕ್ಷಿಗೆ ಕರೆದೆ. ಪಾಪ, ಅವರು ನಿಜವನ್ನೇ ಹೇಳಿದರು. "ನಾನು ನೋಡಿದಾಗ ಬಾಯಿ ಮುಚ್ಚಿದ್ದ ಮೇಡಂ. ಆದ್ರೆ ಇವನು ಬಾಯಿ ಮುಚ್ಕೊಂಡೂ ಮಾತಾಡ್ತಾನೆ." ಅದೂ ಹೌದು. ತುಟಿ ಕದಲಿಸದೆ ಫ್ರಿಜ್ಜಿನೊಳಗಿಂದ ಮಾತು ಬರುವ ಹಾಗೆ ಮಾಡಿ ಅವರನ್ನು ಒಂದು ಮಧ್ಯಾಹ್ನ ಪೂರ್ತಿ ಹೆದರಿಸಿದ್ದೆ. ಇಷ್ಟು ವರ್ಷ ಎಲ್ಲರನ್ನೂ ಗೋಳು ಹೊಯ್ದುಕೊಂಡಿದ್ದಕ್ಕೆ ಸಿಕ್ಕ ಫಲ ಇದು. ಲೋಕದಲ್ಲಿ ಯಾರು "ನಾನು ಮಾತಾಡಲಿಲ್ಲ" ಎಂದರೂ ಜನ ನಂಬಬಹುದು, ನನ್ನನ್ನು ಬಿಟ್ಟು. ಮೇಡಂ ಎಚ್ಚರಿಕೆ ಕೊಟ್ಟು ಕಳಿಸಿದರು. ಮೈಕಿನಲ್ಲಿ ಇನ್ನೊಬ್ಬರ ದನಿ ಆಡುವುದನ್ನು ನಾನು ಆ ದಿನವೇ ಬಿಟ್ಟೆ. ಅವರ ಎಚ್ಚರಿಕೆಗೆ ಹೆದರಿ ಅಲ್ಲ.

ನಾನೂ ಯೋಚಿಸಿಲ್ಲವೆಂದಲ್ಲ. ನನ್ನ ಕಣ್ಣು ಆ ಬಿಳಿ ಕಾಳನ್ನು ನೋಡಿಬಿಟ್ಟಿತ್ತೇ, ನನಗೇ ತಿಳಿಯದೆ ನನ್ನ ಬಾಯಿ ಅದನ್ನು ಆಡಿಬಿಟ್ಟಿತೇ? ಆದರೆ ಮುನಿರತ್ನಮ್ಮ ಮೊದಲ ಸಲ ಊಂ ಎಂದಾಗ ಆ ಚಿತ್ರ ಇನ್ನೂ ಹುಟ್ಟಿರಲಿಲ್ಲ. ಬಟನ್ ಒತ್ತಿ ಹಿಡಿಯದೆ ಮಾತು ಒಳಗೆ ಹೋಗುವುದಿಲ್ಲ, ನನ್ನ ಎರಡೂ ಕೈಯಲ್ಲಿ ಕಡಲೆಕಾಯಿ ಇತ್ತು. ಮೈಕು ಕೆಟ್ಟಿರಬಹುದೆಂದು ರಿಪೇರಿಯವನನ್ನು ಕರೆಸಿದೆ, ಏನೂ ಆಗಿಲ್ಲ ಎಂದ. ಆಕೆಗೇ ಹಿಂದಲೆಯಲ್ಲಿ ನೋವು ಇದ್ದು, ಅದೇ ಮಾತಾಗಿ ಕೇಳಿಸಿರಬಹುದೇ? ಹಾಗಾದರೆ ಅಳತೆ? ರಿಪೋರ್ಟಿನಲ್ಲಿ ಮಿಲಿಮೀಟರಿನ ಲೆಕ್ಕ ಬಂದ ದಿನ ನಾನು ಮನೆಯಲ್ಲಿ ಒಂದು ಅವರೆಕಾಳು ತೆಗೆದುಕೊಂಡು ಸ್ಕೇಲ್ ಇಟ್ಟು ಅಳೆದೆ. ಅಮ್ಮ ನೋಡಿ, "ಏನ್ಲಾ, ಅವರೆಕಾಳಿಗೆ ಪ್ಯಾಂಟ್ ಹೊಲಿಸ್ತೀಯಾ?" ಎಂದಳು. ನಗುವುದಕ್ಕೆ ಪ್ರಯತ್ನಪಟ್ಟೆ. ಅಳತೆ ಸರಿಯಾಗಿತ್ತು.

ಮುನಿರತ್ನಮ್ಮನಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಚಿಕ್ಕದಿದ್ದಾಗಲೇ ಸಿಕ್ಕಿದ್ದು ಅದೃಷ್ಟ, ಬೆಳೆದಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಏಳು ತಿಂಗಳಾದ ಮೇಲೆ, ಏನಾದರೂ ಉಳಿದಿದೆಯೇ ಎಂದು ನೋಡಲು ಮತ್ತೊಮ್ಮೆ ಕಾಂಟ್ರಾಸ್ಟ್ ಸ್ಕ್ಯಾನ್ ಬರೆದುಕೊಟ್ಟರು. ಬೆಂಗಳೂರಿನಲ್ಲೇ ಮಾಡಿಸಬಹುದಿತ್ತು. ಆದರೆ ಆ ಅಮ್ಮ ಹಟ ಹಿಡಿದು ಕೋಲಾರಕ್ಕೇ ಬಂದರು. ಮಾವಿನ ಹಣ್ಣು ಮುಗಿಯುತ್ತಿದ್ದ ದಿನಗಳು. ತಮ್ಮನ ಕೈಯಲ್ಲಿ ಒಂದು ಚೀಲ ಬಾದಾಮಿ ಹಣ್ಣು ಹೊರಿಸಿಕೊಂಡು ಬಂದಿದ್ದರು. ಮಾವಿನ ತೋಪುಗಳ ಊರಾದ ಶ್ರೀನಿವಾಸಪುರದವನಿಗೆ ಮಾವಿನಹಣ್ಣು ತಂದುಕೊಡುವಷ್ಟು ದೊಡ್ಡ ಮನಸ್ಸು.

ಆ ದಿನ ನಾನು ಬೇಕೆಂದೇ ಎಲ್ಲ ಏರ್ಪಾಡು ಮಾಡಿದೆ. ನಾರಾಯಣಸ್ವಾಮಿಯನ್ನು ಹೊರಗೆ ಬಿಡದೆ ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಹಸಿರು ದೀಪದ ಮೇಲೆ ಕಣ್ಣಿಟ್ಟಿರಿ ಎಂದು ಸಿಸ್ಟರಿಗೆ ಹೇಳಿದೆ. ಇಡೀ ಹೊತ್ತು ಪಂಕ್ಚರ್ ದನಿಯಲ್ಲೇ ಮಾತನಾಡಿದೆ. ಕಾಂಟ್ರಾಸ್ಟ್ ಕೊಟ್ಟ ಮೇಲೆ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಎದ್ದು ನಿಂತೆ. ಮೊದಲ ಸರಣಿ ಬಡಿದು ನಿಂತಿತು.

"ಊಂ," ಎಂದಿತು ಸ್ಪೀಕರು.

ದೀಪ ಆರಿತ್ತು. ನಾನು ನಾರಾಯಣಸ್ವಾಮಿಯ ತುಟಿ ನೋಡಿದೆ, ಅವನು ನನ್ನ ತುಟಿ ನೋಡುತ್ತಿದ್ದ. ಸಿಸ್ಟರ್ ನಮ್ಮಿಬ್ಬರದ್ದನ್ನೂ ನೋಡುತ್ತಿದ್ದರು. ಯಾರದ್ದೂ ಅಲುಗಲಿಲ್ಲ.

"ಊಂ... ಊಂ. ಸರಿ."

ನಾರಾಯಣಸ್ವಾಮಿ ನನ್ನ ರಟ್ಟೆ ಹಿಡಿದುಕೊಂಡ. ಆಗ ಅವನ ಅಕ್ಕ ಒಳಗಿನಿಂದ, ಪಕ್ಕದಲ್ಲಿ ಕೂತವರನ್ನು ವಿಚಾರಿಸುವಂತೆ, ಒಂದು ಪ್ರಶ್ನೆ ಕೇಳಿದರು.

"ಮತ್ತೆ ಈ ಹುಡುಗಂದು?"

ಆಮೇಲೆ ಮೌನ. ಒಂದು ವಾಕ್ಯಕ್ಕಿಂತ ಉದ್ದದ ಮೌನ. ಊಂ ಬರುತ್ತದೆಂದು ನಾವು ಮೂವರೂ ಕಾದೆವು. ಬರಲಿಲ್ಲ. ಕೊನೆಯ ಸರಣಿ ಶುರುವಾಗಿ ಸದ್ದು ಎಲ್ಲವನ್ನೂ ಮುಚ್ಚಿತು.

ಈಚೆ ಬಂದ ಮುನಿರತ್ನಮ್ಮ ತಮ್ಮನಿಗೆ, "ನಂದೇನೂ ಉಳಿದಿಲ್ಲಂತೆ, ನಡಿ" ಎಂದರು. ಎರಡು ದಿನವಾದ ಮೇಲೆ ಮೇಡಂ ಬರೆದ ರಿಪೋರ್ಟೂ ಅದನ್ನೇ ಹೇಳಿತು. ನಾರಾಯಣಸ್ವಾಮಿ ಆಟೋ ಕರೆಯಲು ಓಡಿದ. ಓಡಿದ ಎಂದೇ ಹೇಳಬೇಕು. ಸಿಸ್ಟರ್ ತಾಳಿ ತರಲು ಲಾಕರಿನ ಕಡೆ ಹೋದರು. ನಾವಿಬ್ಬರೇ ಉಳಿದಾಗ ಕೇಳಿದೆ.

"ಅಮ್ಮಾ, ಒಳಗೆ ನನ್ನ ಬಗ್ಗೆ ಏನೋ ಕೇಳಿದ್ರಲ್ಲ."

"ಕೇಳ್ದೆ," ಎಂದರು.

"ಏನಂದ?"

ಅವರು ಕತ್ತಿನ ಅರಿಶಿನದ ಕೊಂಬನ್ನು ಬಿಚ್ಚಿ, ಅಂಗೈಯಲ್ಲಿ ಹಿಡಿದು, ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆ ನೋಟ ನನಗೆ ಹೊಸದಲ್ಲ. ರಿಪೋರ್ಟ್ ಗೊತ್ತಿದ್ದೂ ಹೇಳದೆ ಇರುವಾಗ ನಾವೇ ಪೇಷಂಟುಗಳನ್ನು ನೋಡುವುದು ಹೀಗೆ.

"ನಂಗೆ ಹೇಳ್ದಂಗೆ ಏಮೀ ಕಾದು ಅಂತಾನೇನೋ ಅಂತ ನೋಡ್ದೆ ಮಗಾ," ಎಂದರು. "ಅನ್ಲಿಲ್ಲ."

ಆ ಕೊಂಬನ್ನು ನನ್ನ ಕೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ, ಹೋದರು. ಆಮೇಲೆ ನಾನು ಅವರನ್ನು ನೋಡಿಲ್ಲ. ನಾರಾಯಣಸ್ವಾಮಿಯ ನಂಬರ್ ನನ್ನ ಹತ್ತಿರ ಇದೆ. ಫೋನ್ ಮಾಡಿ, ಅಕ್ಕನನ್ನು ಸರಿಯಾಗಿ ಕೇಳಿ ಹೇಳು ಎನ್ನಬಹುದು. ಇನ್ನೂ ಮಾಡಿಲ್ಲ.

ನಮ್ಮ ಮೆಷಿನ್ನನ್ನು ಸರ್ವೀಸ್ ಮಾಡಲು ಇಂಜಿನಿಯರ್ ಬಂದಾಗಲೆಲ್ಲ ಪರೀಕ್ಷೆಗೆ ಒಂದು ತಲೆ ಬೇಕಾಗುತ್ತದೆ. ಮೊದಲೆಲ್ಲ ನನ್ನದನ್ನೇ ಕೊಡುತ್ತಿದ್ದೆ. "ಖಾಲಿ ಇರೋದ್ರಿಂದ ಚಿತ್ರ ಚೆನ್ನಾಗಿ ಬರುತ್ತೆ" ಎಂದು ಸಿಸ್ಟರ್ ನಗಿಸುತ್ತಿದ್ದರು. ಹೋದ ತಿಂಗಳು ಇಂಜಿನಿಯರ್ ಬಂದ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇನೆ, ಆಗಲ್ಲ ಎಂದೆ. ನನ್ನ ಬಾಯಲ್ಲಿ ಯಾವ ಕ್ಲಿಪ್ಪೂ ಇಲ್ಲವೆಂದು ಸಿಸ್ಟರಿಗೆ ಗೊತ್ತು. ಅವರು ನಗಲಿಲ್ಲ, ತಾವೇ ಹೋಗಿ ಮಲಗಿದರು. ನನಗೆ ಆಗಾಗ ತಲೆ ನೋಯುತ್ತದೆ. ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ನೋಯುತ್ತದೆ, ಮಾತ್ರೆ ನುಂಗಿದರೆ ಹೋಗುತ್ತದೆ.

ಸಂಜೆ ಕೆಲಸ ಮುಗಿದ ಮೇಲೆ ಪೇಷಂಟುಗಳ ಹೆಡ್‌ಫೋನನ್ನು ಸ್ಪಿರಿಟ್ ಹಾಕಿ ಒರೆಸಿಡುವುದು ನನ್ನ ಕೆಲಸ. ಈಗಲೂ ಒರೆಸುತ್ತೇನೆ. ತೋಳನ್ನು ಪೂರ್ತಿ ಚಾಚಿ, ಕಿವಿಗೆ ದೂರ ಹಿಡಿದು.